ಚಿಕ್ಕ ಕಾರು ಮತ್ತು ಎಣ್ಣೆಯ ಲೆಕ್ಕ

ನಮ್ಮ ಕಮಠಾಣದಲ್ಲಿ ಯಾರಾದರೂ ಕಾರು ತಂದರೆ ಮೊದಲು ಅದಕ್ಕೆ ಪೂಜೆಯಾಗುತ್ತದೆ. ತೆಂಗಿನಕಾಯಿ ಒಡೆದು, ಗಾಲಿಯ ಕೆಳಗಿಟ್ಟ ನಿಂಬೆಹಣ್ಣು ಚಪ್ಪಟೆಯಾದ ಮೇಲೆ ನೆರೆದವರು ಸುತ್ತ ನಿಂತು ಪ್ರಶ್ನೆಗಳನ್ನು ಕೇಳತೊಡಗುತ್ತಾರೆ. ಬೆಲೆಯ ಪ್ರಶ್ನೆ ಆಮೇಲೆ ಬರುತ್ತದೆ, ಮೊದಲನೆಯ ಪ್ರಶ್ನೆ ಯಾವಾಗಲೂ ಒಂದೇ: “ಆವರೇಜ ಎಷ್ಟ ಕೊಡ್ತದ?” ಒಂದು ಲೀಟರು ಎಣ್ಣೆಗೆ ಗಾಡಿ ಎಷ್ಟು ಕಿಲೋಮೀಟರು ಓಡುತ್ತದೆಂಬುದೇ ಈ ಪ್ರಶ್ನೆಯ ಅರ್ಥ. ಮಾಲಿಕನು ಒಂದು ಅಂಕಿಯನ್ನು ಹೇಳುತ್ತಾನೆ. ಕೇಳಿದವರು ತಲೆದೂಗುತ್ತಾರೆ. ಆ ಅಂಕಿ ನಿಜವೇ, ಯಾವ ದಾರಿಯಲ್ಲಿ ನಿಜ, ಯಾರ ಕಾಲಿನ ಕೆಳಗೆ ನಿಜ ಎಂದು ಯಾರೂ ವಿಚಾರಿಸುವುದಿಲ್ಲ.

ನಾವೂ ವಿಚಾರಿಸಲಿಲ್ಲ. ಅದರಿಂದ ನಮ್ಮ ಮನೆಗೆ ಒಂದು ಪೆಟ್ಟು ಬಿತ್ತು. ಆ ಪೆಟ್ಟಿನಿಂದ ನಾನು ಕಲಿತದ್ದನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇನೆ. ನಾನು ಯಂತ್ರಶಾಸ್ತ್ರ ಓದಿದವನಲ್ಲ, ಅರ್ಥಶಾಸ್ತ್ರದ ವಿದ್ಯಾರ್ಥಿ. ಆದರೆ ಕಾರಿನ ಎಂಜಿನನ್ನು ಆರಿಸುವುದು ಕೊನೆಗೆ ಅರ್ಥಶಾಸ್ತ್ರದ ಪ್ರಶ್ನೆಯೇ ಆಗಿಬಿಡುತ್ತದೆಂಬುದು ಓದುತ್ತ ಹೋದಂತೆ ವಾಚಕರಿಗೇ ತಿಳಿಯುವುದು.

ಸಂಗತಿ ಇಷ್ಟು. ನಮ್ಮಣ್ಣನ ಅಂಗಡಿ ಬೀದರದ ಚೌಬಾರಾದ ಹತ್ತಿರ ಇದೆ. ಮನೆಯಿಂದ ಅಂಗಡಿಗೆ ಹನ್ನೆರಡು ಕಿಲೋಮೀಟರು. ದಿನಾಲು ಹೋಗಿ ಬರುವುದು. ಇದಲ್ಲದೆ ನಮ್ಮವ್ವನನ್ನು ತಿಂಗಳಿಗೊಮ್ಮೆ ಹೈದರಾಬಾದಿನ ದವಾಖಾನೆಗೆ ಕರೆದೊಯ್ಯಬೇಕು. ಜಹೀರಾಬಾದಿನ ಮೇಲೆ ಹಾದು ಹೋದರೆ ಹೋಗುತ್ತ ಬರುತ್ತ 280 ಕಿಲೋಮೀಟರು ಆಗುತ್ತದೆ. ಮೊಣಕಾಲು ನೋವಿನಿಂದ ಅವಳಿಗೆ ಬಸ್ಸು ಹತ್ತಿ ಇಳಿಯುವುದು ಆಗದಾಯಿತು. ಆದಕಾರಣ 2022ರಲ್ಲಿ ಸಾಲ ತೆಗೆದು ಎರಡು ವರ್ಷ ಹಳೆಯದಾದ ಒಂದು ಚಿಕ್ಕ ಡೀಸೆಲ್ ಕಾರನ್ನು ಕೊಂಡೆವು. ಡೀಸೆಲ್ ಏಕೆಂದರೆ ಆವರೇಜು ಹೆಚ್ಚು. ಇದು ಎಲ್ಲರೂ ಹೇಳುವ ಮಾತು. ಆರು ತಿಂಗಳು ಕಳೆಯುವುದರೊಳಗೆ ಗಾಡಿಯ ಮುಖಫಲಕದ ಮೇಲೆ ಹಳದಿ ದೀಪವೊಂದು ಹೊತ್ತಿಕೊಂಡಿತು. ಆಮೇಲೆ ಗಾಡಿ ಏದುಸಿರು ಬಿಡತೊಡಗಿತು. ಬೀದರದ ಮಿಸ್ತ್ರಿಯೊಬ್ಬರು ಬಿಚ್ಚಿ ನೋಡಿ, “ಗಾಡಿ ಖರಾಬ ಇಲ್ಲರಿ. ನಿಮ್ಮ ರಸ್ತಾ ಈ ಗಾಡಿಗಿ ಆಗಂಗಿಲ್ಲ” ಎಂದರು. ಅಣ್ಣನಿಗೆ ಸಿಟ್ಟು ಬಂದಿತು. ನನಗೆ ಕುತೂಹಲ ಬಂದಿತು. ಗಾಡಿಗೆ ರಸ್ತೆ ಆಗದಿರುವುದೆಂದರೆ ಏನು?

ಇದನ್ನು ತಿಳಿಯಬೇಕಾದರೆ ಎಂಜಿನು ಎಣ್ಣೆಯನ್ನು ಏನು ಮಾಡುತ್ತದೆಂಬುದನ್ನು ಮೊದಲು ನೋಡಬೇಕು. ಎಂಜಿನೆಂದರೆ ಒಲೆ ಮತ್ತು ತಿದಿ ಎರಡೂ ಒಂದರಲ್ಲೇ ಕೂಡಿದ ಯಂತ್ರ. ಸಿಲಿಂಡರೆಂಬ ಕೊಳವೆಯೊಳಗೆ ಪಿಸ್ಟನ್ನೆಂಬ ಕೊಂತವು ಮೇಲೆ ಕೆಳಗೆ ಆಡುತ್ತದೆ. ಗಾಳಿಯನ್ನು ಎಳೆದುಕೊಳ್ಳುವುದು, ಅದುಮುವುದು, ಉರಿಯಿಂದ ತಳ್ಳಿಸಿಕೊಳ್ಳುವುದು, ಹೊಗೆಯನ್ನು ಹೊರದೂಡುವುದು, ಹೀಗೆ ನಾಲ್ಕು ಹೊಡೆತಗಳಲ್ಲಿ ಅದರ ಒಂದು ಆವರ್ತನ ಮುಗಿಯುತ್ತದೆ. 1876ರಲ್ಲಿ ಜರ್ಮನಿಯ ನಿಕೋಲಸ್ ಆಟೋ ಎಂಬಾತನು ಈ ನಾಲ್ಕು ಹೊಡೆತಗಳ ಎಂಜಿನನ್ನು ನಡೆಯಿಸಿ ತೋರಿಸಿದನು. ಇಂದಿನ ಪೆಟ್ರೋಲು ಕಾರುಗಳೆಲ್ಲ ಅವನ ವಂಶದವೇ. ನಾಲ್ಕರಲ್ಲಿ ಒಂದೇ ಹೊಡೆತವು ದುಡಿಯುತ್ತದೆ. ಉಳಿದ ಮೂರು ಅದಕ್ಕೆ ಸಿದ್ಧತೆ. ಅಷ್ಟೇ ಅಲ್ಲದೆ, ಹುಟ್ಟಿದ ಶಾಖದ ಬಹುಪಾಲು ಹೊಗೆಯ ಕೊಳವೆಯಿಂದಲೂ ರೇಡಿಯೇಟರಿನಿಂದಲೂ ಗಾಳಿಗೆ ಹೋಗಿಬಿಡುತ್ತದೆ. ನೂರು ರೂಪಾಯಿಯ ಪೆಟ್ರೋಲು ಹಾಕಿಸಿದರೆ ಅದರಲ್ಲಿ ಮೂವತ್ತು ರೂಪಾಯಿಯಷ್ಟು ಗಾಲಿಗೆ ಮುಟ್ಟಿದರೆ ಪುಣ್ಯ. ಉಳಿದ ಹಣದಿಂದ ನಾವು ಊರ ಗಾಳಿಯನ್ನು ಕಾಯಿಸುತ್ತೇವೆ!

ಇನ್ನು ಡೀಸೆಲ್ಲು. ಸೈಕಲ್ಲಿನ ಟ್ಯೂಬಿಗೆ ಗಾಳಿ ಹೊಡೆದವರಿಗೆಲ್ಲ ಒಂದು ಅನುಭವವಿರುತ್ತದೆ; ಪಂಪಿನ ಬುಡ ಮುಟ್ಟಿದರೆ ಬಿಸಿಯಾಗಿರುತ್ತದೆ. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಇನ್ನೊಬ್ಬ ಜರ್ಮನ್ ಯಂತ್ರಜ್ಞನು ಈ ಗುಣವನ್ನೇ ಹಿಡಿದು, ಕಿಡಿಯ ಸಹಾಯವಿಲ್ಲದೆ ಎಣ್ಣೆ ತಾನಾಗಿ ಹೊತ್ತಿಕೊಳ್ಳುವಷ್ಟು ಗಾಳಿಯನ್ನು ಅದುಮುವ ಎಂಜಿನನ್ನು 1897ರಲ್ಲಿ ಯಶಸ್ವಿಯಾಗಿ ನಡೆಯಿಸಿದನು. ಇಂದಿನ ಪೆಟ್ರೋಲು ಎಂಜಿನು ಗಾಳಿಯನ್ನು ಹತ್ತು ಹನ್ನೆರಡರಲ್ಲಿ ಒಂದು ಪಾಲಿಗೆ ಅದುಮಿದರೆ ಡೀಸೆಲ್ ಎಂಜಿನು ಹದಿನೈದು ಹದಿನೆಂಟರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಹೆಚ್ಚು ಅದುಮಿದಷ್ಟೂ ಅದೇ ಶಾಖದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಇದಲ್ಲದೆ ಪೆಟ್ರೋಲು ಎಂಜಿನು ನಿಧಾನವಾಗಿ ಹೋಗುವಾಗ ಅದರ ಗಾಳಿಯ ದಾರಿಯನ್ನು ಒಂದು ಮುಚ್ಚಳ ಅರ್ಧ ಮುಚ್ಚಿರುತ್ತದೆ. ಮೂಗು ಹಿಡಿದುಕೊಂಡು ಓಡುವವನಂತೆ ಅದು ಉಸಿರಿಗಾಗಿಯೇ ಸ್ವಲ್ಪ ಶಕ್ತಿಯನ್ನು ಕಳೆಯುತ್ತದೆ. ಡೀಸೆಲ್ಲಿಗೆ ಆ ಕಷ್ಟ ಬಹುಮಟ್ಟಿಗೆ ಇಲ್ಲ. ಮೂರನೆಯದಾಗಿ, ಡೀಸೆಲ್ ಎಣ್ಣೆಯೇ ಹೆಚ್ಚು ದಟ್ಟವಾದದ್ದು. ಒಂದು ಲೀಟರು ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಶಾಖವಿರುತ್ತದೆ. ಹೀಗೆ ಡೀಸೆಲ್ಲಿನ ಆವರೇಜಿನಲ್ಲಿ ಒಂದು ಭಾಗ ಎಂಜಿನಿನ ಗುಣ, ಒಂದು ಭಾಗ ಎಣ್ಣೆಯ ತೂಕ.

ಹಾಗಾದರೆ ನಮ್ಮ ಕಾರಿಗೆ ಬಂದ ರೋಗವೇನು? 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿ.ಎಸ್. 6 ಎಂಬ ಹೊಗೆಯ ನಿಯಮ ಜಾರಿಗೆ ಬಂದಿತು. ಡೀಸೆಲ್ ಹೊಗೆಯಲ್ಲಿ ಕಾಡಿಗೆಯಂಥ ಮಸಿ ಇರುತ್ತದೆ. ಅದು ಪುಪ್ಪುಸಕ್ಕೆ ಕೆಟ್ಟದ್ದು. ಅದನ್ನು ತಡೆಯಲು ಹೊಸ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಒಂದು ಜರಡಿಯನ್ನು ಇಟ್ಟಿದ್ದಾರೆ. ಮಸಿ ಆ ಜರಡಿಯಲ್ಲಿ ತುಂಬುತ್ತದೆ. ಜರಡಿ ಸುಮಾರು 600 ಡಿಗ್ರಿ ಕಾದಾಗ ಮಸಿ ಸುಟ್ಟು ಬೂದಿಯಾಗಿ ದಾರಿ ತೆರವಾಗುತ್ತದೆ. ಆದರೆ ಅಷ್ಟು ಕಾಯಬೇಕಾದರೆ ಗಾಡಿ ಹೆದ್ದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ನಮ್ಮ ಅಣ್ಣನ ದಾರಿಯಲ್ಲಿ ಅದು ಎಲ್ಲಿ ಸಾಧ್ಯ? ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಎರಡನೆಯ ಗೇರಿನಲ್ಲಿ ಎರಡು ಮೈಲಿ, ಆಮೇಲೆ ಎಮ್ಮೆಗಳ ಹಿಂಡು, ಆಮೇಲೆ ಉಬ್ಬುಗಳು, ಆಮೇಲೆ ಊರೊಳಗಿನ ಗದ್ದಲ. ಎಂಜಿನು ಸರಿಯಾಗಿ ಕಾಯುವ ಹೊತ್ತಿಗೆ ಅಂಗಡಿ ಬಂದೇ ಬಿಡುತ್ತದೆ. ಜರಡಿಯನ್ನು ಸುಡಲೆಂದು ಎಂಜಿನು ಹೆಚ್ಚು ಎಣ್ಣೆಯನ್ನು ಚೆಲ್ಲುತ್ತದೆ, ಅಷ್ಟರಲ್ಲಿ ನಾವು ಗಾಡಿಯನ್ನು ಆರಿಸಿಬಿಡುತ್ತೇವೆ. ಮಸಿ ಅಲ್ಲಿಯೇ ಉಳಿಯುತ್ತದೆ, ಸುಡದ ಎಣ್ಣೆ ಎಂಜಿನಾಯಿಲಿಗೆ ಸೇರುತ್ತದೆ. ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಿ ಬಂದಾಗ ಗಾಡಿ ಚೇತರಿಸಿಕೊಳ್ಳುತ್ತಿತ್ತು. ಅವ್ವನ ಆರೋಗ್ಯ ಸುಧಾರಿಸಿ ಎರಡು ತಿಂಗಳು ಹೋಗದಿದ್ದಾಗ ಗಾಡಿ ಹಾಸಿಗೆ ಹಿಡಿಯಿತು. ಇದರಲ್ಲಿ ಮಾಡಿದವರ ತಪ್ಪಿಲ್ಲ. ಓಟದ ಕುದುರೆಯನ್ನು ತಂದು ಗಾಣಕ್ಕೆ ಕಟ್ಟಿದವರು ನಾವು.

ಆಗ ನಾನು ಅಣ್ಣನ ಬಿಲ್ಲುಗಳನ್ನೆಲ್ಲ ಕೂಡಿಹಾಕಿ ಒಂದು ನೋಟುಪುಸ್ತಕದಲ್ಲಿ ಲೆಕ್ಕ ಬರೆದೆ. ಅದೇ ಗಾಡಿ, ಅದೇ ಚಾಲಕ. ಹೈದರಾಬಾದಿನ ದಾರಿಯಲ್ಲಿ ಲೀಟರಿಗೆ 22 ಕಿಲೋಮೀಟರು, ಕಮಠಾಣ-ಬೀದರ ದಾರಿಯಲ್ಲಿ 16. ಮಾರುವವರು ಹೇಳಿದ ಅಂಕಿ ಇವೆರಡಕ್ಕಿಂತಲೂ ಹೆಚ್ಚಿನದು. ಹಾಗೆಂದು ಅವರು ಸುಳ್ಳು ಹೇಳಿದರೆಂದಲ್ಲ. ಆ ಅಂಕಿ ಎಲ್ಲಿ ಹುಟ್ಟುತ್ತದೆಂಬುದನ್ನು ತಿಳಿದರೆ ಸಂದೇಹ ಪರಿಹಾರವಾಗುವುದು. ಪುಣೆಯ ಎ.ಆರ್.ಎ.ಐ. ಮುಂತಾದ ಪರೀಕ್ಷಾಲಯಗಳಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಂತಲ್ಲೇ ಓಡಿಸುತ್ತಾರೆ. ಗೊತ್ತುಮಾಡಿದ ಒಂದು ಕ್ರಮದಲ್ಲಿ ವೇಗವನ್ನು ಏರಿಸಿ ಇಳಿಸುತ್ತಾರೆ. ಒಟ್ಟು 1,180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ. ಅತಿ ಹೆಚ್ಚಿನ ವೇಗ ಗಂಟೆಗೆ 90 ಕಿಲೋಮೀಟರು. ಅಲ್ಲಿ ಎದುರುಗಾಳಿಯಿಲ್ಲ, ಏರಿಯಿಲ್ಲ, ಎಮ್ಮೆಯಿಲ್ಲ, ಎ.ಸಿ. ಹಾಕುವುದಿಲ್ಲ. ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಈ ಪರೀಕ್ಷೆ ಬಹಳ ಉಪಯುಕ್ತ, ಏಕೆಂದರೆ ಎಲ್ಲ ಕಾರುಗಳಿಗೂ ಪ್ರಶ್ನೆಪತ್ರಿಕೆ ಒಂದೇ. ಆದರೆ ಬೀದರದ ಮೇ ತಿಂಗಳ ಬಿಸಿಲಿನಲ್ಲಿ ಐದು ಜನ ಕುಳಿತು, ಎ.ಸಿ. ಹಾಕಿ ಹೋಗುವಾಗ ಅದೇ ಅಂಕಿ ಬರಬೇಕೆಂದರೆ ಆಗದು.

ದಾರಿ ಏಕೆ ಇಷ್ಟು ವ್ಯತ್ಯಾಸ ಮಾಡುತ್ತದೆ? ಹೂಡಿದ ಬಂಡಿಯನ್ನು ನೋಡಿರಿ. ನಿಂತ ಬಂಡಿಯನ್ನು ಕದಲಿಸುವಾಗ ಎತ್ತುಗಳು ಕತ್ತು ಬಗ್ಗಿಸಿ ಎಳೆಯುತ್ತವೆ; ಒಮ್ಮೆ ಉರುಳತೊಡಗಿದರೆ ಆರಾಮವಾಗಿ ನಡೆಯುತ್ತವೆ. ಕಾರಿನದೂ ಹಾಗೆಯೇ. ಊರೊಳಗೆ ಪ್ರತಿಯೊಂದು ಸಲ ಬ್ರೇಕು ತುಳಿದಾಗಲೂ ಅಲ್ಲಿಯತನಕ ಎಣ್ಣೆ ಸುಟ್ಟು ಗಳಿಸಿದ ವೇಗವನ್ನು ಶಾಖಮಾಡಿ ಚೆಲ್ಲುತ್ತೇವೆ, ಮತ್ತೆ ಎಣ್ಣೆ ಸುಟ್ಟು ಅದೇ ವೇಗವನ್ನು ಕೊಳ್ಳುತ್ತೇವೆ. ಆದಕಾರಣ ಊರೊಳಗೆ ಓಡುವ ಗಾಡಿಯ ಶತ್ರು ಅದರ ತೂಕ. ಹೆದ್ದಾರಿಯಲ್ಲಿ ಶತ್ರು ಬೇರೆ. ಅಲ್ಲಿ ಗಾಳಿ ತಡೆಯುತ್ತದೆ. ಈ ತಡೆ ವೇಗದ ವರ್ಗದಂತೆ ಏರುತ್ತದೆ. 80ರಲ್ಲಿ ಹೋಗುವವನು 100ಕ್ಕೆ ಏರಿಸಿದರೆ ವೇಗ ಕಾಲುಭಾಗ ಮಾತ್ರ ಹೆಚ್ಚಿದಂತೆ ಕಾಣುತ್ತದೆ, ಗಾಳಿಯ ತಡೆಯಾದರೋ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಹೈದರಾಬಾದನ್ನು ಇಪ್ಪತ್ತು ನಿಮಿಷ ಮೊದಲು ಮುಟ್ಟುವ ಆತುರಕ್ಕೆ ನಾವು ತೆರುವ ತೆರಿಗೆ ಇದು.

ಇನ್ನು ನಮ್ಮಲ್ಲಿ ಚಿಕ್ಕ ಕಾರುಗಳಿಗೆ ದೊರೆಯುವ ಎಂಜಿನುಗಳನ್ನು ಒಂದೊಂದಾಗಿ ನೋಡೋಣ. ಭಾರತದಲ್ಲಿ ಚಿಕ್ಕ ಕಾರಿನ ಯುಗ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಆರಂಭವಾಯಿತೆನ್ನಬಹುದು. ಅದರ ಎಂಜಿನು ಮೂರು ಸಿಲಿಂಡರುಗಳದು. ಮೂರೂ ಕೂಡಿ ಎಳೆದುಕೊಳ್ಳುತ್ತಿದ್ದುದು 796 ಘನ ಸೆಂಟಿಮೀಟರು ಗಾಳಿ, ಒಂದು ಲೀಟರಿಗಿಂತ ಕಡಿಮೆ. 2009ರಲ್ಲಿ ಬಂದ ಟಾಟಾ ನ್ಯಾನೊ ಇನ್ನೂ ಚಿಕ್ಕದು: ಎರಡು ಸಿಲಿಂಡರು, 624 ಘನ ಸೆಂಟಿಮೀಟರು. ಚಿಕ್ಕ ಕಾರೆಂದರೆ ಯಾವುದೆಂಬುದನ್ನು ಸರಕಾರವೂ ತೆರಿಗೆಗಾಗಿ ಗೊತ್ತುಮಾಡಿದೆ: ಉದ್ದ 4 ಮೀಟರಿನೊಳಗೆ, ಎಂಜಿನು ಪೆಟ್ರೋಲಾದರೆ 1,200, ಡೀಸೆಲ್ಲಾದರೆ 1,500 ಘನ ಸೆಂಟಿಮೀಟರಿನೊಳಗೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ನಮ್ಮ ಪೇಟೆಯ ಕಾರುಗಳಲ್ಲಿ ಅನೇಕವು ನಾಲ್ಕು ಮೀಟರಿಗೆ ಕೆಲವೇ ಅಂಗುಲ ಕಡಿಮೆ ಇರುವುದು ಆಕಸ್ಮಿಕವಲ್ಲ.

ಮೊದಲನೆಯ ಆಯ್ಕೆ ಸಾದಾ ಪೆಟ್ರೋಲು ಎಂಜಿನು. ಒಂದು ಲೀಟರಿನದು ಅಥವಾ 1.2 ಲೀಟರಿನದು, ಈಗ ಬಹುತೇಕ ಮೂರು ಸಿಲಿಂಡರಿನವು. ನಾಲ್ಕಕ್ಕಿಂತ ಮೂರರಲ್ಲಿ ಉಜ್ಜುವ ಭಾಗಗಳು ಕಡಿಮೆ, ಘರ್ಷಣೆಯ ನಷ್ಟ ಕಡಿಮೆ. ಪ್ರತಿಯಾಗಿ ನಡುಕ ಸ್ವಲ್ಪ ಹೆಚ್ಚು. ಬೆಲೆ ಕಡಿಮೆ, ಬೇಗ ಕಾಯುತ್ತದೆ, ಯಾವ ಮಿಸ್ತ್ರಿಯಾದರೂ ಕೈಹಾಕಬಲ್ಲನು. ಇದಕ್ಕೆ ಟರ್ಬೊ ಎಂಬ ಗಾಳಿಪಂಪನ್ನು ಕೂಡಿಸಿದರೆ ಎರಡನೆಯ ಬಗೆ. ಹೊರಹೋಗುವ ಹೊಗೆಯ ರಭಸದಿಂದಲೇ ಆ ಪಂಪು ತಿರುಗಿ, ಚಿಕ್ಕ ಎಂಜಿನಿಗೆ ಹೆಚ್ಚು ಗಾಳಿಯನ್ನು ತುಂಬುತ್ತದೆ. ಮೆಲ್ಲಗೆ ನಡೆಸುವವನಿಗೆ ಅದು ಚಿಕ್ಕ ಎಂಜಿನಿನಂತೆ ಮಿತವಾಗಿ ಉಣ್ಣುತ್ತದೆ. ಒತ್ತಿ ನಡೆಸುವವನಿಗೆ ದೊಡ್ಡ ಎಂಜಿನಿನಂತೆ ದುಡಿದು ದೊಡ್ಡ ಎಂಜಿನಿನಂತೆಯೇ ಉಣ್ಣುತ್ತದೆ.

ಮೂರನೆಯದು ಸಿ.ಎನ್.ಜಿ., ಅಂದರೆ ಅದುಮಿದ ನೈಸರ್ಗಿಕ ಅನಿಲ. ಇದರ ಅಂಕಿಯನ್ನು ನೋಡಿ ಜನ ಬೆರಗಾಗುತ್ತಾರೆ. ಉದಾಹರಣೆಗೆ 2024ರಲ್ಲಿ ಬಂದ ಹೊಸ ಸ್ವಿಫ್ಟ್ ಕಾರಿಗೆ ಪೆಟ್ರೋಲಿನಲ್ಲಿ 24.80, ಅನಿಲದಲ್ಲಿ 32.85 ಎಂದು ಪ್ರಕಟವಾಯಿತು. ಎಂಜಿನು ಒಂದೇ, ಅಂಕಿ ಹೇಗೆ ಏರಿತು? ಇಲ್ಲೊಂದು ಕಣ್ಕಟ್ಟು ಇದೆ. ಮೊದಲನೆಯದು ಲೀಟರಿಗೆ, ಎರಡನೆಯದು ಕಿಲೋಗ್ರಾಮಿಗೆ. ಒಂದು ಲೀಟರು ಪೆಟ್ರೋಲು ಮುಕ್ಕಾಲು ಕಿಲೋ ಮಾತ್ರ ತೂಗುತ್ತದೆ. ಅನಿಲದಲ್ಲಿ ತೂಕಕ್ಕೆ ತಕ್ಕ ಶಾಖವೂ ಸ್ವಲ್ಪ ಹೆಚ್ಚು. ಒಂದು ಕಿಲೋ ಅನಿಲವೆಂದರೆ ಸುಮಾರು ಒಂದೂವರೆ ಲೀಟರು ಪೆಟ್ರೋಲಿಗೆ ಸಮ. 32.85ನ್ನು ಒಂದೂವರೆಯಿಂದ ಭಾಗಿಸಿರಿ, 22ಕ್ಕೆ ಬರುತ್ತದೆ. ಆದ್ದರಿಂದ ಅನಿಲದಲ್ಲಿ ಎಂಜಿನು ಹೆಚ್ಚು ಜಾಣನಾಗುವುದಿಲ್ಲ. ಉಳಿತಾಯವೆಲ್ಲ ಅನಿಲದ ಅಗ್ಗದ ಬೆಲೆಯಲ್ಲಿದೆ. ಬೆಲೆ ಏರಿದರೆ ಉಳಿತಾಯವೂ ಕರಗುವುದು. ಡಿಕ್ಕಿಯ ಜಾಗವನ್ನು ಸಿಲಿಂಡರು ನುಂಗುತ್ತದೆ, ಎಳೆತ ಸ್ವಲ್ಪ ಕಡಿಮೆ, ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಅನಿಲ ತುಂಬುವ ಪಂಪು ನಮ್ಮ ದಾರಿಯ ಮೇಲೆಯೇ ಇದ್ದರೆ ಸರಿ. ಅದಕ್ಕಾಗಿ ಸುತ್ತಿ ಹೋಗಬೇಕಾದರೆ ಉಳಿಸಿದ್ದು ಸುತ್ತಿಗೆ ಸಮವಾಗುತ್ತದೆ.

ನಾಲ್ಕನೆಯದು ಡೀಸೆಲ್ಲು. 1998ರಲ್ಲಿ ಟಾಟಾ ಇಂಡಿಕಾ ಬಂದು ಚಿಕ್ಕ ಕಾರಿನಲ್ಲಿಯೂ ಡೀಸೆಲ್ಲನ್ನು ಜನಪ್ರಿಯಗೊಳಿಸಿತು. ಆಗ ಸರಕಾರವು ಡೀಸೆಲ್ ಬೆಲೆಯನ್ನು ಹಿಡಿದಿಟ್ಟಿತ್ತು. ಪೆಟ್ರೋಲಿನ ಬೆಲೆಯನ್ನು 2010ರಲ್ಲಿ ಬಿಡುಗಡೆ ಮಾಡಿದ ಮೇಲೆ ಅಂತರ ಇನ್ನೂ ಬೆಳೆದು, 2012ರ ಸುಮಾರಿಗೆ ಎರಡಕ್ಕೂ ನಡುವೆ ಲೀಟರಿಗೆ ಇಪ್ಪತ್ತೈದು ಮೂವತ್ತು ರೂಪಾಯಿ ವ್ಯತ್ಯಾಸವಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯನ್ನೂ ಬಿಟ್ಟುಕೊಟ್ಟರು. ಅಂತರ ಕುಗ್ಗಿತು. 2020ರಲ್ಲಿ ಬಿ.ಎಸ್. 6 ಬಂದು ಜರಡಿಯ ಖರ್ಚನ್ನು ಕೂಡಿಸಿದ ಮೇಲೆ ಚಿಕ್ಕ ಡೀಸೆಲ್ ಕಾರುಗಳು ಪೇಟೆಯಿಂದ ಒಂದೊಂದಾಗಿ ಮರೆಯಾದವು. “ಡೀಸೆಲ್ ಅಂದ್ರ ಅಗ್ಗ” ಎಂಬ ಮಾತು ಮಾತ್ರ ನಮ್ಮ ಕಟ್ಟೆಯ ಮೇಲೆ ಹಾಗೆಯೇ ಉಳಿಯಿತು. ನಾವು ಕೊಂಡದ್ದು ಕಾರನ್ನಲ್ಲ, ಹತ್ತು ವರ್ಷ ಹಳೆಯ ಆ ಮಾತನ್ನು.

ಐದನೆಯದು ವಿದ್ಯುತ್ ಕಾರು. ಈ ವಿಷಯದಲ್ಲಿ ಕರ್ನಾಟಕದ ಹೆಸರು ಮೊದಲೇ ಬಂದಿದೆ. ಬೆಂಗಳೂರಿನ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿಯೇ ರಸ್ತೆಗಿಳಿದಿತ್ತು. ಇದರ ಮೋಟಾರಿಗೆ ಊರೊಳಗಿನ ನಿಲುಗಡೆಗಳ ಭಯವಿಲ್ಲ. ಬ್ರೇಕು ಹಾಕಿದಾಗ ಮೋಟಾರೇ ಡೈನಮೋ ಆಗಿ ವೇಗದ ಒಂದು ಭಾಗವನ್ನು ಮರಳಿ ಬ್ಯಾಟರಿಗೆ ತುಂಬುತ್ತದೆ. ಇಂದಿನ ಚಿಕ್ಕ ವಿದ್ಯುತ್ ಕಾರು ಒಂದು ಯೂನಿಟ್ಟಿಗೆ ಏಳೆಂಟು ಕಿಲೋಮೀಟರು ಓಡಿದರೂ ಮನೆಯ ಕರೆಂಟಿನಲ್ಲಿ ಕಿಲೋಮೀಟರಿಗೆ ಒಂದು ರೂಪಾಯಿಯ ಸುಮಾರು ಬೀಳುತ್ತದೆ. ಅಂಗಡಿಗೆ ಹೋಗಿ ಬರಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಚಿಕ್ಕ ಬ್ಯಾಟರಿಯ ಕಾರಿನಲ್ಲಿ 280 ಕಿಲೋಮೀಟರಿನ ಹೈದರಾಬಾದು ಪ್ರಯಾಣ ನಡುವೆ ತುಂಬಿಸದೆ ಮುಗಿಯದು; ದವಾಖಾನೆಗೆ ಹೋಗುವ ರೋಗಿಯನ್ನು ದಾರಿಯಲ್ಲಿ ಕಾಯಿಸಲಾಗದು. ಖರೀದಿಯ ಬೆಲೆಯೂ ಹೆಚ್ಚು.

ಇಷ್ಟರ ನಡುವೆ ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಮಾತಿದೆ. ಬೀದರ ಜಿಲ್ಲೆ ಕಬ್ಬಿನ ಸೀಮೆ. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಎಥನಾಲ್ ಎಂಬ ಸ್ಪಿರಿಟು ತಯಾರಾಗುತ್ತದೆ. ನೂರು ಪಾಲಿನಲ್ಲಿ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ಕೊಟ್ಟರು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ದೇಶವು 2025ರಲ್ಲಿಯೇ ಮುಟ್ಟಿತು. ಹೊರದೇಶದ ಎಣ್ಣೆಗೆ ಕೊಡುವ ಹಣದಲ್ಲಿ ಸ್ವಲ್ಪ ಭಾಗ ಕಬ್ಬು, ಮೆಕ್ಕೆಜೋಳ ಬೆಳೆದವನ ಕಡೆಗೆ ತಿರುಗಬೇಕೆಂಬುದು ಇದರ ಉದ್ದೇಶ. ಆದರೆ ಲೆಕ್ಕವನ್ನು ಮುಚ್ಚಿಡಬಾರದು. ಒಂದು ಲೀಟರು ಎಥನಾಲಿನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟೇ ಶಾಖವಿದೆ. ಐದರಲ್ಲಿ ಒಂದು ಪಾಲು ಬೆರೆಸಿದಾಗ ಒಟ್ಟು ಶಾಖ ನೂರಕ್ಕೆ ಏಳರಷ್ಟು ತಗ್ಗುತ್ತದೆ. ನೀತಿ ಆಯೋಗದ 2021ರ ವರದಿಯೂ ಹಳೆಯ ಕಾರುಗಳಲ್ಲಿ ನೂರಕ್ಕೆ ಆರೇಳರಷ್ಟು, ಇದಕ್ಕಾಗಿ ಹೊಂದಿಸಿದ ಕಾರುಗಳಲ್ಲಿ ಒಂದೆರಡರಷ್ಟು ಆವರೇಜು ಕಡಿಮೆಯಾಗಬಹುದೆಂದು ಅಂದಾಜು ಮಾಡಿತ್ತು. ಎಥನಾಲನ್ನು ಹೆಚ್ಚು ಅದುಮಿದರೂ ಅದು ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಳ್ಳದು. ಆ ಗುಣವನ್ನು ಬಳಸಿಕೊಳ್ಳುವಂತೆ ಕಟ್ಟಿದ ಎಂಜಿನು ನಷ್ಟವನ್ನು ಸ್ವಲ್ಪ ತುಂಬಿಕೊಳ್ಳುತ್ತದೆ. ಹಳೆಯ ಕಾರನ್ನು ಕೊಳ್ಳುವವರು ಅದರ ರಬ್ಬರು ಕೊಳವೆಗಳು ಈ ಮಿಶ್ರಣವನ್ನು ತಾಳುವಂಥವೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ರೈತನ ಮಗನಾಗಿ ನನಗೆ ಇದು ಸಂತೋಷದ ಸಂಗತಿ. ಕಾರಿನ ಮನೆಯವನಾಗಿ ಏಳು ಪೈಸೆ ಚುಕ್ತಾ ಮಾಡಬೇಕಾದ ಸಂಗತಿ. ಎರಡೂ ಒಂದೇ ಮನೆಯಲ್ಲಿವೆ.

ಈಗ ಅರ್ಥಶಾಸ್ತ್ರಕ್ಕೆ ಬರೋಣ. ಯಾವ ಎಂಜಿನಿಗೂ ಎರಡು ಖರ್ಚುಗಳು: ಓಡಿದರೂ ಓಡದಿದ್ದರೂ ತಪ್ಪದ ಸ್ಥಿರ ವೆಚ್ಚ, ಓಡಿದಷ್ಟು ಬೆಳೆಯುವ ಚರ ವೆಚ್ಚ. ಡೀಸೆಲ್ಲು, ಅನಿಲ, ವಿದ್ಯುತ್ತು ಇವೆಲ್ಲ ಚರ ವೆಚ್ಚವನ್ನು ಇಳಿಸುತ್ತವೆ, ಸ್ಥಿರ ವೆಚ್ಚವನ್ನು ಏರಿಸುತ್ತವೆ. ನಮ್ಮ ಓಟವೆಷ್ಟು? ವರ್ಷಕ್ಕೆ 300 ದಿನ, ದಿನಕ್ಕೆ 24 ಕಿಲೋಮೀಟರಿನಂತೆ 7,200; ಹೈದರಾಬಾದಿಗೆ ಹನ್ನೆರಡು ಸಲ, 3,360; ಒಟ್ಟು 10,560 ಕಿಲೋಮೀಟರು. ಸುಲಭವಾಗಲೆಂದು ಪೆಟ್ರೋಲು 100 ರೂಪಾಯಿ, ಡೀಸೆಲ್ಲು 90 ರೂಪಾಯಿ ಎಂದಿಟ್ಟುಕೊಳ್ಳೋಣ. ಪೆಟ್ರೋಲು ಕಾರು ಲೀಟರಿಗೆ 18 ಓಡಿದರೆ ಕಿಲೋಮೀಟರಿಗೆ 5 ರೂಪಾಯಿ 56 ಪೈಸೆ. ಡೀಸೆಲ್ಲಿನ ಪಕ್ಷ ವಹಿಸಿ ಅದಕ್ಕೆ ಎಲ್ಲ ದಾರಿಗೂ 22 ಎಂದೇ ಕೊಟ್ಟರೆ 4 ರೂಪಾಯಿ 9 ಪೈಸೆ. ಉಳಿತಾಯ ಕಿಲೋಮೀಟರಿಗೆ ಒಂದೂವರೆ ರೂಪಾಯಿಗೂ ತುಸು ಕಡಿಮೆ. ಹೊಸ ಡೀಸೆಲ್ ಕಾರಿಗೆ 1,20,000 ರೂಪಾಯಿ ಹೆಚ್ಚು ಬೆಲೆಯೆಂದರೆ, ಆ ಹಣ ಮರಳಲು ಸುಮಾರು 82,000 ಕಿಲೋಮೀಟರು ಓಡಬೇಕು. ನಮಗೆ ಏಳೂಮುಕ್ಕಾಲು ವರ್ಷ! ಸಾಲದ ಬಡ್ಡಿ, ಜರಡಿಯ ಖರ್ಚು ಇದರಲ್ಲಿ ಸೇರಿಲ್ಲ. ಅದೇ ಭಾಲ್ಕಿ, ಔರಾದ, ಹೈದರಾಬಾದು ಎಂದು ವರ್ಷಕ್ಕೆ 40,000 ಓಡಿಸುವ ಬಾಡಿಗೆ ಗಾಡಿಯವನಿಗೆ ಎರಡು ವರ್ಷದಲ್ಲಿ ಮರಳುತ್ತದೆ, ಜರಡಿಯೂ ಕಾದು ಸ್ವಚ್ಛವಾಗಿರುತ್ತದೆ. ಅನಿಲಕ್ಕೂ ಇದೇ ರೀತಿ: ಕಿಲೋಗೆ 90 ರೂಪಾಯಿ, 25 ಕಿಲೋಮೀಟರು, ಹೆಚ್ಚಿನ ಬೆಲೆ 90,000 ಎಂದರೆ ನಮಗೆ ನಾಲ್ಕು ವರ್ಷ ನಾಲ್ಕು ತಿಂಗಳು. ಬೆಲೆಗಳು ಬದಲಾದರೆ ಉತ್ತರ ಬದಲಾಗುತ್ತದೆ. ಲೆಕ್ಕದ ರೀತಿ ಬದಲಾಗುವುದಿಲ್ಲ.

ಈ ಪುಟವನ್ನು ನಾನು ಅಣ್ಣನ ಮುಂದೆ ಇಟ್ಟಾಗ ಅವನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, “ಇದು ಮೊದಲೇ ಯಾಕ ಬರೀಲಿಲ್ಲ, ತಮ್ಮಾ?” ಎಂದನು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಡೀಸೆಲ್ ಕಾರನ್ನು ನಷ್ಟಕ್ಕೆ ಮಾರಿದೆವು. ಅದರ ಬದಲಿಗೆ ಒಂದು ಲೀಟರು ಎಂಜಿನಿನ, ಮೂರು ಸಿಲಿಂಡರಿನ ಸಾದಾ ಪೆಟ್ರೋಲು ಕಾರೊಂದು ಈಗ ನಮ್ಮ ಅಂಗಳದಲ್ಲಿದೆ. ಸಾಲದ ಕಂತು ಇನ್ನೂ ನಡೆಯುತ್ತಿದೆ.

ಕಾರಿರುವವರಿಗೆ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಆವರೇಜನ್ನು ಅಳೆಯುವ ರೀತಿ ಸುಲಭ. ಪಂಪಿನಲ್ಲಿ ಟ್ಯಾಂಕು ತುಂಬಿಸಿ ಮೀಟರಿನ ಅಂಕಿಯನ್ನು ಬರೆದಿಡಿರಿ. ಮುನ್ನೂರು ನಾಲ್ಕುನೂರು ಕಿಲೋಮೀಟರು ಓಡಿದ ಮೇಲೆ ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ, ಓಡಿದ ದೂರವನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿರಿ. ಮೂರು ಸಲ ಹೀಗೆ ಮಾಡಿದರೆ ನಿಮ್ಮ ದಾರಿಯ ನಿಜವಾದ ಅಂಕಿ ಸಿಗುತ್ತದೆ. ಗಾಲಿಯ ಗಾಳಿಯನ್ನು ತಿಂಗಳಿಗೆರಡು ಸಲ ನೋಡಿಸಿರಿ. ಮೆತ್ತಗಿನ ಗಾಲಿ ಕೆಸರಿನಲ್ಲಿ ನಡೆದಂತೆ. ಡಿಕ್ಕಿಯಲ್ಲಿ ಬೇಡದ ಭಾರವನ್ನು ಹೊತ್ತು ತಿರುಗಬೇಡಿರಿ. ಮುಂದಿನ ಉಬ್ಬನ್ನು ದೂರದಿಂದಲೇ ಕಂಡು ಕಾಲು ಸಡಿಲಿಸಿರಿ. ತುಳಿಯದ ಬ್ರೇಕು ಉಳಿದ ಎಣ್ಣೆ.

ಹೋದ ತಿಂಗಳು ಹೈದರಾಬಾದಿನಿಂದ ಮರಳಿದ ದಿನ ಅವ್ವ ಕಟ್ಟೆಯ ಮೇಲೆ ಕುಳಿತು ಕೇಳಿದಳು: “ದವಾಖಾನಿಗಿ ಹೋಗಿ ಹೊಳ್ಳಿ ಬರ್ಲಾಕ ಎಣ್ಣಿಗಿ ಎಷ್ಟ ಹತ್ತಿತೋ?” ಲೀಟರಿಗೆ ಇಪ್ಪತ್ತರಂತೆ ಹದಿನಾಲ್ಕು ಲೀಟರು, ಒಂದು ಸಾವಿರದ ನಾಲ್ಕುನೂರು ರೂಪಾಯಿ ಎಂದು ಹೇಳಿದೆ. ಅವಳು ಬೆರಳು ಮಡಚಿ ತಿಂಗಳ ಖರ್ಚನ್ನು ಎಣಿಸಿಕೊಂಡಳು. ಊರೆಲ್ಲ ಲೀಟರಿಗೆ ಎಷ್ಟೆಂದು ಕೇಳುವಾಗ, ಹೋಗಬೇಕಾದ ದಾರಿಗೆ ಎಷ್ಟೆಂದು ಕೇಳಿದವಳು ಅವಳೊಬ್ಬಳೇ. ಕಾರು ಕೊಳ್ಳುವ ಮೊದಲೇ ನಾವು ಆ ಪ್ರಶ್ನೆಯನ್ನು ಕೇಳಿಕೊಂಡಿದ್ದರೆ ಸಾಕಾಗಿತ್ತು.